ಡಾಪ್ಲರ್‌ನಲ್ಲಿ ರಕ್ತದ ವೇಗ ತಪ್ಪಾಗಿ ಬರುತ್ತಿದೆಯಾ? ಮೆಷಿನ್‌ಗೆ ಬೈಯುವ ಮೊದಲು ಇಷ್ಟು ನೋಡಿ

ಡಾಪ್ಲರ್ ಎಂದರೆ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಅಂತ ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್. ಬಿ-ಮೋಡ್‌ನಲ್ಲಿ, ಅಂದರೆ ಮಾಮೂಲಿ ಕಪ್ಪು-ಬಿಳುಪು ಚಿತ್ರದಲ್ಲಿ, ಕ್ಯಾರೋಟಿಡ್ (ಕುತ್ತಿಗೆಯಲ್ಲಿ ತಲೆಯ ಕಡೆಗೆ ರಕ್ತ ಒಯ್ಯುವ ನಾಳ) ನೀಟಾಗಿ ಕಾಣುತ್ತಿದೆ. ಗೋಡೆ ತೆಳ್ಳಗಿದೆ, ಪ್ಲಾಕ್ (ಗೋಡೆಗೆ ಅಂಟಿದ ಕೊಬ್ಬಿನ ಗಡ್ಡೆ) ಎಲ್ಲೂ ಇಲ್ಲ, ಹರಿವು ತೋರಿಸುವ ಕಲರ್ ಕೂಡ ನಾಳದ ತುಂಬ ತುಂಬಿದೆ. ಆದರೆ ಗೇಟ್ (ಯಾವ ಜಾಗದ ವೇಗ ಬೇಕೋ ಅಲ್ಲಿಡುವ ಗುರುತು) ಇಟ್ಟು ಸ್ಪೆಕ್ಟ್ರಮ್ (ಸಮಯಕ್ಕೆ ತಕ್ಕಂತೆ ವೇಗ ತೋರಿಸುವ ಅಲೆ) ತೆಗೆದರೆ ಸಿಸ್ಟೋಲಿಕ್ ವೇಗ, ಅಂದರೆ ಹೃದಯ ಹಿಂಡಿದಾಗಿನ ಗರಿಷ್ಠ ವೇಗ, ಸೆಕೆಂಡಿಗೆ 142 ಸೆಂ.ಮೀ., ಡಯಾಸ್ಟೋಲಿಕ್ (ಹೃದಯ ಸಡಿಲಿದಾಗಿನದು) 37. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರು ಅದೇ ರೋಗಿಗೆ, ಅದೇ ಜಾಗದಲ್ಲಿ, ಅದೇ ಮೆಷಿನ್‌ನಲ್ಲಿ ತೆಗೆದರೆ 115 ಮತ್ತು 30.

ಇದು ಸಣ್ಣ ವ್ಯತ್ಯಾಸ ಅಲ್ಲ. ಅಮೆರಿಕದ ರೇಡಿಯಾಲಜಿಸ್ಟರು ಕೂತು ಒಪ್ಪಿಕೊಂಡು 2003ರಲ್ಲಿ ಪ್ರಕಟಿಸಿದ ಮಾನದಂಡವನ್ನೇ ಬಹಳ ಕಡೆ ಬಳಸುತ್ತಾರೆ. ಅದರ ಪ್ರಕಾರ ಇಂಟರ್ನಲ್ ಕ್ಯಾರೋಟಿಡ್‌ನಲ್ಲಿ (ಮೆದುಳಿಗೆ ಹೋಗುವ ಕವಲು) ಸಿಸ್ಟೋಲಿಕ್ ವೇಗ 125 ದಾಟಿದರೆ ನಾಳ ಶೇ. 50ಕ್ಕಿಂತ ಜಾಸ್ತಿ ಕಿರಿದಾಗಿದೆ ಅನ್ನುವ ಅನುಮಾನ, 230 ದಾಟಿದರೆ ಶೇ. 70. ಅಂದರೆ ಒಬ್ಬರ ಕೈಯಲ್ಲಿ ರೋಗಿಗೆ ಕಾಯಿಲೆ ಇದೆ, ಇನ್ನೊಬ್ಬರ ಕೈಯಲ್ಲಿ ಇಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ಮೆಷಿನ್ ಹಾಳಾಗಿದೆ, ಸರ್ವಿಸ್‌ಗೆ ಫೋನ್ ಮಾಡಿ". ಮಾಡಬಹುದು. ಆದರೆ ಅದು ಕೊನೆಗೆ ಇರಲಿ. ಮೊದಲು ಕೇಳಬೇಕಾದದ್ದು ಒಂದೇ: ತಪ್ಪು ಯಾವ ಕಡೆಗೆ ವಾಲಿದೆ? ಯಾವಾಗಲೂ ಜಾಸ್ತಿ ಬರುತ್ತಿದೆಯಾ, ಯಾವಾಗಲೂ ಕಡಿಮೆ ಬರುತ್ತಿದೆಯಾ, ಇಲ್ಲ ಒಂದೊಂದು ಸಲ ಒಂದೊಂದು ತರ ಬರುತ್ತಿದೆಯಾ? ಮೂರಕ್ಕೂ ಕಾರಣಗಳು ಬೇರೆ. ಇದನ್ನು ಕೇಳದೆ ಸುಮ್ನೆ ಎಲ್ಲ ನಾಬ್‌ಗಳನ್ನೂ ತಿರುಗಿಸುತ್ತಾ ಹೋದರೆ ನಂಬರ್ ಬದಲಾಗುತ್ತದೆ ಅಷ್ಟೆ, ಯಾವುದು ಸರಿ ಅಂತ ಗೊತ್ತಾಗುವುದಿಲ್ಲ.

ಒಂದು ನಿಮಿಷದ ಪರೀಕ್ಷೆ: ಆರ್‌ಐ ಲೆಕ್ಕ ಹಾಕಿ

ಕೀಲಿ ಇರುವುದು ಇಲ್ಲೇ. ಸಿಸ್ಟೋಲಿಕ್ ವೇಗದಿಂದ ಡಯಾಸ್ಟೋಲಿಕ್ ವೇಗ ಕಳೆದು, ಉಳಿದದ್ದನ್ನು ಸಿಸ್ಟೋಲಿಕ್‌ನಿಂದ ಭಾಗಿಸಿದರೆ ಆರ್‌ಐ, ಅಂದರೆ ರೆಸಿಸ್ಟಿವ್ ಇಂಡೆಕ್ಸ್. ಕೋನ, ಅಂದರೆ ಶಬ್ದದ ಬೀಮ್‌ಗೂ ರಕ್ತ ಹರಿಯುವ ದಿಕ್ಕಿಗೂ ನಡುವಿನ ಕೋನ, ತಪ್ಪಾಗಿದ್ದರೆ ಎರಡೂ ವೇಗ ಒಂದೇ ಪಟ್ಟು ತಪ್ಪಾಗುತ್ತವೆ. ಹಾಗಾಗಿ ಭಾಗಿಸಿದಾಗ ತಪ್ಪು ಹೊಡೆದು ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ 142 ಮತ್ತು 37ಕ್ಕೆ ಆರ್‌ಐ 0.74. 115 ಮತ್ತು 30ಕ್ಕೂ 0.74. ವೇಗ ಬೇರೆ, ಆರ್‌ಐ ಒಂದೇ. ಅಂದರೆ ಇಬ್ಬರಿಗೂ ಸಿಕ್ಕಿರುವುದು ಒಂದೇ ಅಲೆ, ಅದನ್ನು ವೇಗಕ್ಕೆ ಬದಲಾಯಿಸುವ ಕಡೆ ಎಡವಟ್ಟಾಗಿದೆ. ನೇರವಾಗಿ ಕೋನ ನೋಡಿ.

ಆರ್‌ಐ ಕೂಡ ಬೇರೆ ಬೇರೆ ಬಂದರೆ ಅನುಮಾನ ಗೇನ್ (ವಾಪಸ್ ಬಂದ ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಅನ್ನುವ ನಾಬ್), ವಾಲ್ ಫಿಲ್ಟರ್ (ಗೋಡೆಯ ನಿಧಾನ ಚಲನೆಯ ಸಿಗ್ನಲ್ ಸೋಸಿ ತೆಗೆಯುವುದು), ಗೇಟ್ ಇಟ್ಟ ಜಾಗ ಅಥವಾ ರೋಗಿಯ ಕಡೆಗೆ ತಿರುಗಬೇಕು. ಇಂಟರ್ನಲ್ ಮತ್ತು ಕಾಮನ್ ಕ್ಯಾರೋಟಿಡ್ (ಕವಲೊಡೆಯುವ ಮೊದಲಿನ ನಾಳ) ವೇಗಗಳ ಅನುಪಾತಕ್ಕೂ ಇದೇ ಅನುಕೂಲ ಇದೆ, ಆದರೆ ಎರಡು ಕಡೆಯೂ ಒಂದೇ ತರದ ತಪ್ಪಾಗಿದ್ದರೆ ಮಾತ್ರ. ಒಂದು ಕಡೆ ಕೋನ ಸರಿ, ಇನ್ನೊಂದು ಕಡೆ ತಪ್ಪು ಅಂತಾದರೆ ಅನುಪಾತವೂ ಕೈಕೊಡುತ್ತದೆ.

ಕೋನ

ಒಂದು ವಿಷಯ ತುಂಬ ಜನ ಮರೆಯುತ್ತಾರೆ. ಮೆಷಿನ್ ವೇಗವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಕಳಿಸಿದ ಶಬ್ದಕ್ಕೂ ವಾಪಸ್ ಬಂದ ಶಬ್ದಕ್ಕೂ ಇರುವ ಆವರ್ತನದ ವ್ಯತ್ಯಾಸವನ್ನು. 5 ಮೆಗಾಹರ್ಟ್ಸ್ ಪ್ರೋಬ್ (ಮೈಮೇಲೆ ಇಡುವ ಭಾಗ), ಸೆಕೆಂಡಿಗೆ 1 ಮೀಟರ್ ಹರಿಯುವ ರಕ್ತ, 60 ಡಿಗ್ರಿ ಕೋನ, ಹೀಗಿದ್ದರೆ ಆ ವ್ಯತ್ಯಾಸ ಸುಮಾರು 3,250 ಹರ್ಟ್ಸ್. ನಮ್ಮ ಕಿವಿಗೆ ಕೇಳಿಸುವ ಶಬ್ದವೇ ಅದು. ಅಲ್ಲಿಂದ ಮುಂದೆ ಎಲ್ಲವೂ ಲೆಕ್ಕ. ಆ ಲೆಕ್ಕಕ್ಕೆ ಮೆಷಿನ್ ಎರಡು ವಿಷಯ ನಂಬಿಕೊಳ್ಳುತ್ತದೆ: ದೇಹದಲ್ಲಿ ಶಬ್ದ ಸೆಕೆಂಡಿಗೆ 1,540 ಮೀಟರ್ ಹೋಗುತ್ತದೆ ಅನ್ನುವುದು ಒಂದು, ನೀವು ಕರ್ಸರ್ ತಿರುಗಿಸಿ ಹೇಳಿದ ಕೋನ ನಿಜ ಅನ್ನುವುದು ಇನ್ನೊಂದು. ರಕ್ತ ನಿಜವಾಗಿ ಎತ್ತ ಹರಿಯುತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ನೀವು ಹೇಳಿದ್ದೇ ವೇದವಾಕ್ಯ.

ಲೆಕ್ಕದಲ್ಲಿ ಕೋನದ ಕೊಸೈನ್ ಕೆಳಗಡೆ, ಭಾಗಿಸುವ ಜಾಗದಲ್ಲಿ ಬರುತ್ತದೆ. ಕೋನ ಜಾಸ್ತಿಯಾದಷ್ಟೂ ಕೊಸೈನ್ ಚಿಕ್ಕದಾಗುತ್ತದೆ, ಚಿಕ್ಕದರಿಂದ ಭಾಗಿಸಿದಾಗ ತಪ್ಪು ದೊಡ್ಡದಾಗುತ್ತದೆ. ನಿಜವಾದ ಕೋನ 30 ಡಿಗ್ರಿ ಇದ್ದು ನೀವು 35 ಅಂತ ಇಟ್ಟರೆ ವೇಗ ಶೇ. 6ರಷ್ಟು ಜಾಸ್ತಿ ಬರುತ್ತದೆ, ನಡೆಯುತ್ತದೆ. 60 ಇದ್ದದ್ದನ್ನು 65 ಅಂದರೆ ಶೇ. 18 ಜಾಸ್ತಿ. 70 ಇದ್ದದ್ದನ್ನು 75 ಅಂದರೆ ಶೇ. 32. 80 ಇದ್ದದ್ದನ್ನು 85 ಅಂದರೆ ಹೆಚ್ಚು ಕಡಿಮೆ ಎರಡು ಪಟ್ಟು! ಎಲ್ಲ ಕಡೆ ತಪ್ಪು ಬರೀ 5 ಡಿಗ್ರಿ. 60 ದಾಟಬೇಡಿ ಅಂತ ಹೇಳುವುದು ಇದಕ್ಕೇ. ಆದರೆ 60 ಅನ್ನುವುದು ಗಡಿ, ಗುರಿ ಅಲ್ಲ. 45, 50 ಸಿಗುತ್ತಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ ಗಮನಿಸಿ. ತಪ್ಪು ಎರಡೂ ಕಡೆ ಸಮ ಇಲ್ಲ. 60 ಇದ್ದದ್ದನ್ನು 55 ಅಂದರೆ ಶೇ. 13 ಮಾತ್ರ ಕಡಿಮೆ ಬರುತ್ತದೆ, 65 ಅಂದರೆ ಶೇ. 18 ಜಾಸ್ತಿ ಬರುತ್ತದೆ. ಹಾಗಾಗಿ ಎಲ್ಲರೂ ಅಂದಾಜಿನಲ್ಲಿ ಕರ್ಸರ್ ಇಡುವ ಕಡೆ ಸರಾಸರಿಯೂ ಮೇಲಕ್ಕೇ ವಾಲುತ್ತದೆ.

ಈಗ ನಮ್ಮ 142ಕ್ಕೆ ಬನ್ನಿ. ಫ್ರೀಜ್ ಮಾಡಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಕಾಣುವುದು ಹೀಗೆ: ಕರ್ಸರ್ ಪ್ರಿಸೆಟ್‌ನಲ್ಲಿ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್) ಇದ್ದ 60ರಲ್ಲೇ ಕೂತಿದೆ, ನಾಳ ಮಾತ್ರ 52 ಡಿಗ್ರಿಯಲ್ಲಿ ಓಡುತ್ತಿದೆ. 52ರ ಕೊಸೈನ್ 0.616, 60ರದ್ದು 0.5. ಭಾಗಿಸಿದರೆ 1.23. 115ನ್ನು 1.23ರಿಂದ ಗುಣಿಸಿ, ಸುಮಾರು 142. ಮೆಷಿನ್‌ನಲ್ಲಿ ಏನೂ ಆಗಿಲ್ಲ. ಯಾರೋ "60 ಇರಬೇಕು" ಅನ್ನುವ ನಿಯಮವನ್ನು "60 ಅಂತ ತೋರಿಸಬೇಕು" ಅಂತ ಅರ್ಥ ಮಾಡಿಕೊಂಡಿದ್ದಾರೆ. ನನ್ನ ಪ್ರಕಾರ ಡಾಪ್ಲರ್ ರೂಮಿನಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ.

ಸರಿಪಡಿಸುವುದು ಹೇಗೆ? ಬಹಳಷ್ಟು ಮೆಷಿನ್‌ಗಳಲ್ಲಿ ಫ್ರೀಜ್ ಆದ ಮೇಲೂ ಕೋನ ತಿರುಗಿಸಬಹುದು, ತಿರುಗಿಸಿದಂತೆ ಪಕ್ಕದ ಸ್ಕೇಲ್ ಬದಲಾಗುತ್ತದೆ, ಅಲೆ ಬದಲಾಗುವುದಿಲ್ಲ. ಹಾಗಾಗಿ ಹಳೆಯ ಚಿತ್ರ ಮೆಷಿನ್‌ನಲ್ಲೇ ಇದ್ದರೆ ರೋಗಿಯನ್ನು ಮತ್ತೆ ಕರೆಸುವ ಮೊದಲು ಅದನ್ನೇ ತೆರೆದು ನೋಡಿ. ಹೊಸದಾಗಿ ತೆಗೆಯುವುದಾದರೆ ನಾಳ ಒಂದೆರಡು ಸೆಂ.ಮೀ. ನೇರವಾಗಿ ಕಾಣುವ ಜಾಗ ಹುಡುಕಿ, ಗೋಡೆಗಳು ಎರಡೂ ಚೂಪಾಗಿ ಕಾಣುವ ತನಕ ಪ್ರೋಬ್ ಸರಿಮಾಡಿ, ಆಮೇಲೆ ಕರ್ಸರ್ ಗೆರೆಯನ್ನು ಗೇಟ್ ಇರುವ ಜಾಗದ ಗೋಡೆಗೆ ಸಮಾನಾಂತರ ಮಾಡಿ. ದೂರದ ಗೋಡೆಗೆ ಅಲ್ಲ, ಗೇಟ್ ಇರುವಲ್ಲಿನ ಗೋಡೆಗೆ. ಕೋನ 60ಕ್ಕಿಂತ ಜಾಸ್ತಿ ಬರುತ್ತಿದ್ದರೆ ಬೀಮ್ ಸ್ಟಿಯರ್ ಮಾಡಿ, ಅಂದರೆ ಮೆಷಿನ್‌ನಿಂದಲೇ ಬೀಮ್ ಓರೆ ಮಾಡಿ. ಅದೂ ಸಾಲದಿದ್ದರೆ ಪ್ರೋಬಿನ ಒಂದು ತುದಿಯನ್ನು ಮೆಲ್ಲಗೆ ಒತ್ತಿ ಇನ್ನೊಂದು ತುದಿ ಎತ್ತಿ. ಬಾಗಿದ ನಾಳದಲ್ಲಿ ತಿರುವಿನ ಜಾಗದಲ್ಲೇ ಅಳೆಯಬೇಡಿ, ಅಲ್ಲಿ ಯಾವ ಕೋನ ಇಟ್ಟರೂ ಅದು ಊಹೆಯೇ.

ಕಿರಿದಾದ ಜಾಗದಲ್ಲಿ ರಕ್ತದ ಜೆಟ್ (ಚಿಮ್ಮುವ ಜೋರು ಧಾರೆ) ಗೋಡೆಗೆ ಓರೆಯಾಗಿ ಹೋಗುತ್ತಿದ್ದರೆ ಕರ್ಸರ್ ಗೋಡೆಗೆ ಹೊಂದಿಸಬೇಕಾ ಜೆಟ್‌ಗೆ ಹೊಂದಿಸಬೇಕಾ ಅನ್ನುವುದು ಹಳೆಯ ಜಗಳ. ಎರಡಕ್ಕೂ ವಾದ ಇದೆ. ನನಗೆ ಗೋಡೆ ವಾಸಿ, ಯಾಕೆಂದರೆ ಮುಂದಿನ ಸಲ ಇನ್ನೊಬ್ಬರು ಬಂದರೂ ಗೋಡೆ ಅಲ್ಲೇ ಇರುತ್ತದೆ. ಏನೇ ಆಯ್ಕೆ ಮಾಡಿ, ಒಂದೇ ವಿಭಾಗದಲ್ಲಿ ಅರ್ಧ ಜನ ಹೀಗೆ ಅರ್ಧ ಜನ ಹಾಗೆ ಮಾಡಬಾರದು. ಫಾಲೋ-ಅಪ್ ಸ್ಕ್ಯಾನ್‌ಗೆ ಹಿಂದಿನ ಸಲದ ಕೋನಕ್ಕೆ ಹತ್ತಿರದ ಕೋನದಲ್ಲೇ ತೆಗೆಯಿರಿ.

ಕೋನ ಸರಿ ಇದೆ, ಆದರೂ ಜಾಸ್ತಿ ಬರುತ್ತಿದೆ

ಗೇನ್ ನೋಡಿ. ಗೇನ್ ಜಾಸ್ತಿ ಇದ್ದರೆ ಅಲೆಯ ಮೇಲಂಚು ಊದಿಕೊಳ್ಳುತ್ತದೆ, ನೀವು ಕ್ಯಾಲಿಪರ್ ಇಡುವುದು ಆ ಊದಿದ ಅಂಚಿಗೆ. ಸರಿಯಾಗಿ ಇಡುವ ಸುಲಭ ದಾರಿ ಎಂದರೆ ಹಿನ್ನೆಲೆಯಲ್ಲಿ ಚುಕ್ಕೆ ಚುಕ್ಕೆ ಗದ್ದಲ ಕಾಣುವ ತನಕ ಏರಿಸಿ, ಆಮೇಲೆ ಅದು ಮರೆಯಾಗುವಷ್ಟು ಮಾತ್ರ ಇಳಿಸಿ. ಅಳೆಯುವಾಗ ಗಟ್ಟಿಯಾಗಿ ಕಾಣುವ ಅಂಚಿಗೆ ಅಳೆಯಿರಿ, ಮೇಲೆ ಒಂಟಿಯಾಗಿ ಎದ್ದಿರುವ ಚುಕ್ಕೆಗಳನ್ನು ಬಿಡಿ. ಆಟೋ ಟ್ರೇಸ್ ಹಾಕಿದ್ದರೆ ಅದು ಎಳೆದ ಗೆರೆಯನ್ನು ಕಣ್ಣಾರೆ ನೋಡಿ. ಗದ್ದಲ ಇದ್ದರೆ ಅದರ ಹಿಂದೆಯೇ ಹತ್ತಿ ಹೋಗಿರುತ್ತದೆ. ಸಿಗ್ನಲ್ ಸಾಲದಾದಾಗ ಗೇನ್ ಬಿಟ್ಟು ಔಟ್‌ಪುಟ್ ಪವರ್ ಏರಿಸುವ ಅಭ್ಯಾಸ ಕೆಲವರಿಗಿದೆ. ಗರ್ಭಿಣಿಯರ ಸ್ಕ್ಯಾನ್‌ನಲ್ಲಿ ಅಂತೂ ಅದು ಬೇಡವೇ ಬೇಡ.

ಗೇನ್ ಜಾಸ್ತಿಯಾದರೆ, ಅಥವಾ ಕೋನ 90ರ ಹತ್ತಿರ ಹೋದರೆ ಇನ್ನೊಂದು ಲಕ್ಷಣ ಕಾಣುತ್ತದೆ: ಬೇಸ್‌ಲೈನ್‌ನ ಕೆಳಗೆ ಅದೇ ಆಕಾರದ ಮಸುಕಾದ ಪ್ರತಿಬಿಂಬ. ಹಿಮ್ಮುಖ ಹರಿವು ಅಂತ ರಿಪೋರ್ಟ್ ಬರೆಯಬೇಡಿ, ಗೇನ್ ಇಳಿಸಿ ಕೋನ ಸರಿಮಾಡಿ ನೋಡಿ. ನಿಜವಾದ ಹಿಮ್ಮುಖ ಹರಿವು ಆಗಲೂ ಉಳಿಯುತ್ತದೆ.

ಇದೆಲ್ಲ ಸರಿ ಮಾಡಿದ ಮೇಲೂ ಒಂದಷ್ಟು ಹೆಚ್ಚುವರಿ ಉಳಿಯುತ್ತದೆ, ಅದು ನಿಮ್ಮ ತಪ್ಪಲ್ಲ. ಲೀನಿಯರ್ ಪ್ರೋಬ್‌ನಲ್ಲಿ ಒಂದು ಬೀಮ್ ಮಾಡಲು ಸಾಲಾಗಿ ಬಹಳ ಎಲಿಮೆಂಟ್‌ಗಳು (ಶಬ್ದ ಕಳಿಸಿ ವಾಪಸ್ ಪಡೆಯುವ ಸಣ್ಣ ತುಣುಕುಗಳು) ಒಟ್ಟಿಗೆ ಕೆಲಸ ಮಾಡುತ್ತವೆ. ನಡುವಿನ ಎಲಿಮೆಂಟ್‌ಗೆ ನಾಳ 60 ಡಿಗ್ರಿಯಲ್ಲಿ ಕಂಡರೆ, ಒಂದು ತುದಿಯ ಎಲಿಮೆಂಟ್‌ಗೆ ಅದಕ್ಕಿಂತ ಕಡಿಮೆ ಕೋನದಲ್ಲಿ ಕಾಣುತ್ತದೆ, ಇನ್ನೊಂದು ತುದಿಗೆ ಜಾಸ್ತಿ ಕೋನದಲ್ಲಿ. ಕಡಿಮೆ ಕೋನದ ಕಡೆಯಿಂದ ಬರುವ ಆವರ್ತನ ವ್ಯತ್ಯಾಸ ದೊಡ್ಡದು. ಮೆಷಿನ್ ಅದನ್ನೂ ನಡುವಿನ ಕೋನದಿಂದಲೇ ಭಾಗಿಸುತ್ತದೆ. ಹಾಗಾಗಿ ಒಂದೇ ವೇಗದಲ್ಲಿ ಓಡುವ ದಾರ ಇಟ್ಟು ಪರೀಕ್ಷಿಸಿದರೂ ಪರದೆಯ ಮೇಲೆ ತೆಳು ಗೆರೆ ಬರುವುದಿಲ್ಲ, ದಪ್ಪ ಪಟ್ಟಿ ಬರುತ್ತದೆ, ಅದರ ಮೇಲಂಚು ನಿಜವಾದ ವೇಗಕ್ಕಿಂತ ಮೇಲಿರುತ್ತದೆ. ಇದಕ್ಕೆ ಸ್ಪೆಕ್ಟ್ರಲ್ ಬ್ರಾಡನಿಂಗ್ ಅನ್ನುತ್ತಾರೆ. ಕೋನ ಏರಿದಂತೆ ಇದೂ ಏರುತ್ತದೆ. ಇದನ್ನು ಆಫ್ ಮಾಡುವ ನಾಬ್ ಇಲ್ಲ. ಎರಡು ಕಂಪನಿಯ ಎರಡು ಮೆಷಿನ್‌ಗಳು ಒಂದೇ ರೋಗಿಗೆ ಬೇರೆ ಬೇರೆ ಪೀಕ್ ತೋರಿಸುತ್ತಿದ್ದರೆ, ಎರಡೂ ಸರಿ ಇದ್ದರೂ ಹಾಗಾಗಬಹುದು. ಫಾಲೋ-ಅಪ್ ಆದಷ್ಟು ಅದೇ ಮೆಷಿನ್, ಅದೇ ಪ್ರೋಬ್‌ನಲ್ಲಿ ಮಾಡಿ.

ಕೊನೆಗೆ, ನಂಬರ್ ನಿಜವಾಗಿಯೂ ಜಾಸ್ತಿ ಇರಬಹುದು. ಒಂದು ಕಡೆಯ ಕ್ಯಾರೋಟಿಡ್ ಪೂರ್ತಿ ಮುಚ್ಚಿಹೋಗಿದ್ದರೆ ಇನ್ನೊಂದು ಕಡೆ ರಕ್ತ ಜಾಸ್ತಿ ಹರಿದು ವೇಗ ಏರುತ್ತದೆ, ಅಲ್ಲಿ ಕಿರಿದಾಗಿರಲೇಬೇಕು ಅಂತಿಲ್ಲ. ಆಗ ಅನುಪಾತ ನೋಡಿ.

ಕಡಿಮೆ ಬರುತ್ತಿದ್ದರೆ

ಇಲ್ಲಿ ಮೊದಲ ಆರೋಪಿ ಏಲಿಯಾಸಿಂಗ್. ಅಲೆಯ ತುದಿ ಕತ್ತರಿಸಿದಂತಾಗಿ, ಆ ತುಂಡು ಬೇಸ್‌ಲೈನ್‌ನ ಇನ್ನೊಂದು ಕಡೆಯಿಂದ ಎದ್ದು ಬರುತ್ತದೆ. ಗಡಿಯಾರದ ಮುಳ್ಳು 12 ದಾಟಿದ ಮೇಲೆ 13 ತೋರಿಸದೆ 1 ತೋರಿಸುತ್ತದಲ್ವಾ, ಹಾಗೆ. ಮೇಲೆ ಹೇಳಿದ ಪ್ರತಿಬಿಂಬದಲ್ಲಿ ಪೂರ್ತಿ ಆಕಾರ ಎರಡೂ ಕಡೆ ಇರುತ್ತದೆ, ಏಲಿಯಾಸಿಂಗ್‌ನಲ್ಲಿ ತಲೆ ಒಂದು ಕಡೆ ಮೈ ಒಂದು ಕಡೆ. ಇಷ್ಟು ನೆನಪಿಟ್ಟರೆ ಎರಡಕ್ಕೂ ಗೊಂದಲ ಆಗುವುದಿಲ್ಲ.

ಕಾರಣ ಸರಳ. ಮೆಷಿನ್ ಸೆಕೆಂಡಿಗೆ ಎಷ್ಟು ಪಲ್ಸ್ ಕಳಿಸುತ್ತದೋ ಅದರ ಅರ್ಧದಷ್ಟು ಆವರ್ತನ ವ್ಯತ್ಯಾಸವನ್ನು ಮಾತ್ರ ಸರಿಯಾಗಿ ಓದಬಲ್ಲದು. ಒಂದು ಪಲ್ಸ್ ಹೋಗಿ ವಾಪಸ್ ಬರುವ ತನಕ ಇನ್ನೊಂದನ್ನು ಕಳಿಸುವಂತಿಲ್ಲ. 10 ಸೆಂ.ಮೀ. ಆಳದ ನಾಳಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 7,700 ಪಲ್ಸ್. ಅರ್ಧ ಅಂದರೆ 3,850 ಹರ್ಟ್ಸ್. 5 ಮೆಗಾಹರ್ಟ್ಸ್‌ನಲ್ಲಿ 60 ಡಿಗ್ರಿಗೆ ಅದು ಸೆಕೆಂಡಿಗೆ 119 ಸೆಂ.ಮೀ. ಹತ್ತಿರ. ಅದಕ್ಕಿಂತ ವೇಗದ ರಕ್ತ ಮಡಚಿಕೊಳ್ಳುತ್ತದೆ. ಅದೇ 2.5 ಮೆಗಾಹರ್ಟ್ಸ್‌ಗೆ ಇಳಿಸಿದರೆ ಮಿತಿ ಎರಡು ಪಟ್ಟಾಗುತ್ತದೆ.

ಹಾಗಾಗಿ ಮಾಡಬೇಕಾದ ಕ್ರಮ: ಮೊದಲು ಸ್ಕೇಲ್ ಏರಿಸಿ. ಬೇಸ್‌ಲೈನ್ ಕೆಳಗೆ ಎಳೆಯಿರಿ, ಒಂದೇ ದಿಕ್ಕಿನ ಹರಿವಾದರೆ ಇದೊಂದೇ ಸಾಕಾಗಬಹುದು. ಆಮೇಲೆ ಡಾಪ್ಲರ್ ಆವರ್ತನ ಇಳಿಸಿ, ನಾಳ ಕಡಿಮೆ ಆಳದಲ್ಲಿ ಸಿಗುವ ಬೇರೆ ಜಾಗದಿಂದ ಪ್ರಯತ್ನಿಸಿ. ಸ್ಪೆಕ್ಟ್ರಮ್ ಓಡುತ್ತಿರುವಾಗ ಬಿ-ಮೋಡ್ ಮತ್ತು ಕಲರ್ ಕೂಡ ಲೈವ್ ಇದ್ದರೆ ಪಲ್ಸ್‌ಗಳು ಹಂಚಿಹೋಗಿ ಮಿತಿ ಇನ್ನೂ ಕೆಳಗಿಳಿಯುತ್ತದೆ, ಅವನ್ನು ಫ್ರೀಜ್ ಮಾಡಿ. ಯಾವುದಕ್ಕೂ ಬಗ್ಗದಿದ್ದರೆ ಕಂಟಿನ್ಯುಯಸ್ ವೇವ್, ಅಂದರೆ ಪಲ್ಸ್ ಬದಲು ಬಿಡದೆ ಶಬ್ದ ಕಳಿಸುವ ವಿಧಾನ. ಅದರಲ್ಲಿ ಈ ಮಿತಿಯೇ ಇಲ್ಲ, ಆದರೆ ಯಾವ ಆಳದಿಂದ ವೇಗ ಬಂತು ಅಂತ ಹೇಳುವುದಿಲ್ಲ. ಏಲಿಯಾಸಿಂಗ್ ತಪ್ಪಿಸಲು ಕೋನ ಜಾಸ್ತಿ ಮಾಡುವುದು ಲೆಕ್ಕದ ಪ್ರಕಾರ ಕೆಲಸ ಮಾಡುತ್ತದೆ, ಆದರೆ ಮೇಲೆ ಹೇಳಿದ ಕೋನದ ತಪ್ಪನ್ನು ಮನೆಗೆ ಕರೆದಂತೆ.

ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಕೋನ ತಿದ್ದುವುದಿಲ್ಲ, ಬೀಮ್ ಹರಿವಿಗೆ ನೇರವಾಗಿದೆ ಅಂತಲೇ ಲೆಕ್ಕ. ಹಾಗಾಗಿ ಕೋನದ ತಪ್ಪು ಯಾವಾಗಲೂ ಕಡಿಮೆಯ ಕಡೆಗೇ. ಅಯೋರ್ಟಿಕ್ ಸ್ಟೆನೋಸಿಸ್‌ನಲ್ಲಿ (ಹೃದಯದಿಂದ ರಕ್ತ ಹೊರಹೋಗುವ ಕವಾಟ ಕಿರಿದಾಗುವುದು) ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ತೀವ್ರ. ನಿಜವಾದ ಜೆಟ್ 4.2 ಇದ್ದು ನೀವು 20 ಡಿಗ್ರಿ ಓರೆಯಾಗಿದ್ದರೆ ಸಿಗುವುದು 3.95, ರೋಗಿ ಗೆರೆಯ ಈಚೆಗೆ ಬೀಳುತ್ತಾರೆ. ಒತ್ತಡದ ವ್ಯತ್ಯಾಸಕ್ಕೆ ವೇಗದ ವರ್ಗವನ್ನು 4ರಿಂದ ಗುಣಿಸುತ್ತೇವೆ, ಆದ್ದರಿಂದ ಅಲ್ಲಿ ತಪ್ಪು ಇನ್ನೂ ದೊಡ್ಡದಾಗುತ್ತದೆ: ನಿಜವಾದ 4 ಮೀಟರಿಗೆ 64 ಎಂಎಂಎಚ್‌ಜಿ, 30 ಡಿಗ್ರಿ ಓರೆಯಾದರೆ 48. ಏಪೆಕ್ಸ್‌ನಿಂದ (ಹೃದಯದ ತುದಿಯ ಕಡೆಯಿಂದ) ಒಂದೇ ಸಲ ತೆಗೆದು ಮುಗಿಸಬೇಡಿ. ಬಲ ಪ್ಯಾರಾಸ್ಟರ್ನಲ್ (ಎದೆಮೂಳೆಯ ಬಲಪಕ್ಕ), ಸುಪ್ರಾಸ್ಟರ್ನಲ್ (ಎದೆಮೂಳೆಯ ಮೇಲ್ತುದಿಯ ಗುಳಿ) ಎಲ್ಲ ಕಡೆಯಿಂದಲೂ ನೋಡಿ, ಚಿತ್ರ ತೋರಿಸದ ಪೆನ್ಸಿಲ್ ಪ್ರೋಬ್ ಇದ್ದರೆ ಅದನ್ನೂ ಬಳಸಿ, ಸಿಕ್ಕಿದ್ದರಲ್ಲಿ ಅತಿ ಹೆಚ್ಚಿನದನ್ನು, ಅಂಚು ಸ್ಪಷ್ಟವಾಗಿದ್ದರೆ, ತೆಗೆದುಕೊಳ್ಳಿ.

ವಾಲ್ ಫಿಲ್ಟರ್ ಪೀಕ್ ವೇಗವನ್ನು ಮುಟ್ಟುವುದಿಲ್ಲ. ಆದರೆ ಜಾಸ್ತಿ ಇಟ್ಟರೆ ಬೇಸ್‌ಲೈನ್ ಪಕ್ಕದ ನಿಧಾನ ಹರಿವನ್ನು ನುಂಗಿಬಿಡುತ್ತದೆ. ಹೊಕ್ಕುಳಬಳ್ಳಿಯ ನಾಳದಲ್ಲಿ ಡಯಾಸ್ಟೋಲಿಕ್ ಹರಿವು ಇಲ್ಲ ಅಂತ ಬರೆಯುವ ಮೊದಲು ಫಿಲ್ಟರ್ ಕನಿಷ್ಠಕ್ಕೆ ಇಳಿಸಿ ಇನ್ನೊಮ್ಮೆ ನೋಡಲೇಬೇಕು.

ಒಂದೊಂದು ಸಲ ಒಂದೊಂದು ತರ

ಇದು ಬಹುತೇಕ ರೋಗಿಯಿಂದ ಅಥವಾ ಕೈಯಿಂದ. ಹೃದಯ ಬಡಿತ ತಾಳ ತಪ್ಪಿದ್ದರೆ ಒಂದು ಬಡಿತ ನಂಬಬೇಡಿ, 5ರಿಂದ 10 ಬಡಿತಗಳ ಸರಾಸರಿ ತೆಗೆಯಿರಿ. ಉಸಿರಿನ ಜೊತೆ ನಾಳ ಗೇಟ್‌ನಿಂದ ಜಾರುತ್ತಿದೆಯಾ ನೋಡಿ. ಪ್ರೋಬ್ ಗಟ್ಟಿಯಾಗಿ ಒತ್ತುತ್ತಿದ್ದೀರಾ? ಮೇಲಿರುವ ಸಣ್ಣ ನಾಳವನ್ನು ನೀವೇ ಕಿರಿದು ಮಾಡಿ ನೀವೇ ಅಳೆದಂತಾಗುತ್ತದೆ.

ವೇಗ ಸರಿ, ಹರಿವಿನ ಪ್ರಮಾಣ ತಪ್ಪು

ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಅಪಧಮನಿಗೂ ಅಭಿಧಮನಿಗೂ ಮಾಡಿದ ಜೋಡಣೆ) ನೋಡುವವರ ತಲೆನೋವು ಇದು. ನಿಮಿಷಕ್ಕೆ ಎಷ್ಟು ಎಂಎಲ್ ಅನ್ನುವುದಕ್ಕೆ ನಾಳದ ಅಡ್ಡಕೊಯ್ತದ ವಿಸ್ತೀರ್ಣವನ್ನು ಸರಾಸರಿ ವೇಗದಿಂದ ಗುಣಿಸುತ್ತೇವೆ. ವ್ಯಾಸದ ವರ್ಗ ಬರುವುದರಿಂದ ಅಲ್ಲಿನ ಸಣ್ಣ ತಪ್ಪು ದೊಡ್ಡದಾಗುತ್ತದೆ. 6 ಮಿ.ಮೀ. ನಾಳ, ಸರಾಸರಿ ವೇಗ ಸೆಕೆಂಡಿಗೆ 40 ಸೆಂ.ಮೀ. ಆದರೆ ಹರಿವು ನಿಮಿಷಕ್ಕೆ ಸುಮಾರು 680 ಎಂಎಲ್. ಕ್ಯಾಲಿಪರ್ ಅರ್ಧ ಮಿ.ಮೀ. ಆಚೆ ಹೋಗಿ 6.5 ಆದರೆ 796. ವ್ಯಾಸವನ್ನು ದೊಡ್ಡದು ಮಾಡಿದ ಬಿ-ಮೋಡ್ ಚಿತ್ರದಲ್ಲಿ, ಗೋಡೆಗೆ ಲಂಬವಾಗಿ, ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ. ಕಲರ್ ಮೇಲೆ ಅಳೆಯಬೇಡಿ, ಕಲರ್ ಗೋಡೆಯ ಮೇಲೂ ಹರಡಿಕೊಂಡಿರುತ್ತದೆ.

ಎರಡನೆಯ ಎಡವಟ್ಟು ಮೆನುವಿನಲ್ಲಿದೆ. ಪೀಕ್‌ಗಳ ಕಾಲಸರಾಸರಿ ಒಂದು, ಎಲ್ಲ ವೇಗಗಳ ಕಾಲಸರಾಸರಿ ಇನ್ನೊಂದು. ಮೆಷಿನ್ ಎರಡನ್ನೂ ಕೊಡುತ್ತದೆ, ಹೆಸರುಗಳೂ ಹೆಚ್ಚು ಕಡಿಮೆ ಒಂದೇ ತರ. ನಾಳದಲ್ಲಿ ಹರಿವು ನಡುವೆ ಜೋರು, ಗೋಡೆ ಹತ್ತಿರ ನಿಧಾನ, ನೀಟಾದ ಪ್ಯಾರಾಬೋಲ ಆಕಾರದಲ್ಲಿದ್ದರೆ ಮೊದಲನೆಯದು ಎರಡನೆಯದರ ಎರಡು ಪಟ್ಟು. ಹರಿವಿನ ಲೆಕ್ಕಕ್ಕೆ ಎರಡನೆಯದೇ ಬೇಕು. ಫಿಸ್ಟುಲಾ ಹರಿವು ಅನುಮಾನ ಬರುವಷ್ಟು ಚೆನ್ನಾಗಿದ್ದರೆ ಮೊದಲು ಇದನ್ನೇ ನೋಡಿ. ಪೀಕ್ ಅಳೆಯುವಾಗ ಗೇಟ್ ನಡುವೆ ಚಿಕ್ಕದಾಗಿರಬೇಕು, ಆದರೆ ಇಲ್ಲಿ ನಾಳದ ಅಗಲದಷ್ಟು ತೆರೆಯಬೇಕು. ಇಲ್ಲದಿದ್ದರೆ ಗೋಡೆ ಪಕ್ಕದ ನಿಧಾನ ರಕ್ತ ಬಿಟ್ಟುಹೋಗಿ ಸರಾಸರಿ ಏರುತ್ತದೆ. ವಾಲ್ ಫಿಲ್ಟರ್ ಜಾಸ್ತಿ ಇದ್ದರೂ ಅದೇ ಆಗುತ್ತದೆ.

ಈಗ ಮೆಷಿನ್

ಸ್ಪೆಕ್ಟ್ರಮ್‌ನಲ್ಲಿ ಬೇಸ್‌ಲೈನ್‌ಗೆ ಸಮಾನಾಂತರವಾಗಿ ನೇರ ಗೆರೆಗಳು, ಬಡಿತದ ಜೊತೆ ಏರಿಳಿಯದೆ ನಿಂತಿದ್ದರೆ ಪ್ರೋಬನ್ನು ಗಾಳಿಯಲ್ಲಿ ಎತ್ತಿ ಹಿಡಿಯಿರಿ. ಆಗಲೂ ಇದ್ದರೆ ಅದು ರಕ್ತ ಅಲ್ಲ, ವಿದ್ಯುತ್ ಗದ್ದಲ. ಪಕ್ಕದ ಉಪಕರಣಗಳನ್ನು ಒಂದೊಂದಾಗಿ ಆಫ್ ಮಾಡಿ, ಪ್ಲಗ್ ಬೇರೆ ಸಾಕೆಟ್‌ಗೆ ಹಾಕಿ ನೋಡಿ.

ಪ್ರೋಬ್ ಮೇಲೆ ಅನುಮಾನ ಇದ್ದರೆ ಮುಖ ಒರೆಸಿ ಒಣಗಿಸಿ. ಆಮೇಲೆ ತುಸು ಜೆಲ್ ಹಚ್ಚಿದ ಪೇಪರ್ ಕ್ಲಿಪ್ಪನ್ನು ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಎಳೆಯಿರಿ. ಒತ್ತಬೇಡಿ, ಮುಖ ಗೀರಬಾರದು. ಪರದೆಯಲ್ಲಿ ಕ್ಲಿಪ್ ಕೆಳಗೆ ಮರುಧ್ವನಿಯ ಪಟ್ಟಿ ಜೊತೆಗೇ ಸಾಗುತ್ತದೆ. ಎಲ್ಲಾದರೂ ಅದು ಮಂಕಾದರೆ ಅಥವಾ ಮಾಯವಾದರೆ ಅಲ್ಲಿನ ಎಲಿಮೆಂಟ್ ಸತ್ತಿದೆ. ಬಿ-ಮೋಡ್‌ನಲ್ಲಿ ಇದು ಕಣ್ಣಿಗೆ ಬೀಳದೆ ಇರಬಹುದು, ಆದರೆ ಬೀಮ್‌ನ ಆಕಾರ ಕೆಡುವುದರಿಂದ ಡಾಪ್ಲರ್‌ಗೆ ಪೆಟ್ಟು ಬೀಳುತ್ತದೆ.

ಗೊತ್ತಿರುವ ವೇಗದಲ್ಲಿ ದಾರ ಓಡಿಸುವ ಸ್ಟ್ರಿಂಗ್ ಫ್ಯಾಂಟಮ್ ಇದ್ದರೆ ಪಕ್ಕಾ ಉತ್ತರ ಸಿಗುತ್ತದೆ. ಆದರೆ ತೊಟ್ಟಿಯಲ್ಲಿ ಬರೀ ನೀರಿದ್ದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ 1,482, ಮೆಷಿನ್ ನಂಬಿರುವುದು 1,540. ಇದೊಂದರಿಂದಲೇ ಶೇ. 4ರಷ್ಟು ಜಾಸ್ತಿ ಓದುತ್ತದೆ. ಅದನ್ನು ಕಳೆದು, ಅಲೆಯ ಪಟ್ಟಿಯ ಮೇಲಂಚಿಗೂ ನಡುವಿಗೂ ಎರಡೂ ಅಳೆಯಿರಿ. ನಡು ಸರಿ ಇದ್ದು ಮೇಲಂಚು ಮಾತ್ರ ಜಾಸ್ತಿ ಇದ್ದರೆ ಅದು ಬ್ರಾಡನಿಂಗ್, ದೋಷ ಅಲ್ಲ. ನಡುವೇ ಹಲವು ಕೋನಗಳಲ್ಲಿ ಒಂದೇ ಕಡೆಗೆ ತಪ್ಪಿದ್ದರೆ ಸರ್ವಿಸ್‌ಗೆ ಫೋನ್ ಮಾಡಿ. ಮಾಡುವಾಗ "ರೀಡಿಂಗ್ ಸರಿ ಬರುತ್ತಿಲ್ಲ" ಅಂತ ಮಾತ್ರ ಹೇಳಬೇಡಿ. ಯಾವ ಪ್ರೋಬ್, ಯಾವ ಪ್ರಿಸೆಟ್, ಎಷ್ಟು ಆಳ, ಎಷ್ಟು ಕೋನ, ಎಷ್ಟು ಬರಬೇಕಿತ್ತು, ಎಷ್ಟು ಬಂತು ಅಂತ ಬರೆದಿಟ್ಟುಕೊಂಡು, ಚಿತ್ರ ಸೇವ್ ಮಾಡಿ ಫೋನ್ ಮಾಡಿ.